ಡೊಮೇನ್ ಪೋರ್ಟ್ ಮಾಡ್ಬೇಕಾ? ಮೊದಲು ಅದು ಯಾರ ಹೆಸರಲ್ಲಿದೆ ನೋಡಿ

ಈ ವಾರ ಕೆಂಗೇರಿ ಉಪನಗರದಿಂದ ಒಬ್ಬ ಕೇಳುಗರು ವಾಯ್ಸ್ ನೋಟ್ ಕಳಿಸಿದ್ದಾರೆ. ಅವರ ತಂದೆ ರಾಜಾಜಿನಗರ ಇಂಡಸ್ಟ್ರಿಯಲ್ ಟೌನ್‌ನಲ್ಲಿ ಸಣ್ಣ ಮಷೀನ್ ಶಾಪ್ ನಡೆಸ್ತಾರೆ. ಅವರದು ಡಾಟ್ ಕಾಮ್ ವೆಬ್‌ಸೈಟು. ಅದನ್ನ ಮಾಡಿಕೊಟ್ಟ ಡೆವಲಪರ್ ಹತ್ರ ಇನ್ನು ಮುಂದುವರಿಸೋದು ಬೇಡ, ಬೇರೆ ಕಂಪನಿಗೆ ಹೋಗ್ತೀವಿ ಅಂದಿದ್ದಕ್ಕೆ, "15 ಸಾವಿರ ಕೊಡಿ, ಆಮೇಲೆ ಡೊಮೇನ್ ಬಿಡ್ತೀನಿ" ಅಂದ್ರಂತೆ. ಡೊಮೇನ್ ಅವಧಿ ಮುಗಿಯೋಕೆ ಏಳು ವಾರ ಇದೆ. ಈಗೇನು ಮಾಡೋದು?

ವೆಬ್‌ಸೈಟ್ ಹೋದ್ರೆ ಹೋಗ್ಲಿ, ಇನ್ಸ್ಟಾಗ್ರಾಂ ಇದೆಯಲ್ಲ ಅಂತ ನಿಮಗನ್ನಿಸಬಹುದು. ಆದ್ರೆ ಇವರ ಆಫೀಸಿನ ಇಮೇಲ್ ಇರೋದು ಅದೇ ಡೊಮೇನ್ ಮೇಲೆ. ಪರ್ಚೇಸ್ ಆರ್ಡರ್ ಬರೋದು ಅಲ್ಲಿಗೆ, ಜಿಎಸ್‌ಟಿ ಪೋರ್ಟಲ್‌ಗೆ ಕೊಟ್ಟಿರೋದೂ ಅದೇ ಇಮೇಲ್. ಡೊಮೇನ್ ಕೈತಪ್ಪಿ ಬೇರೆಯವರಿಗೆ ಸಿಕ್ಕಿದ್ರೆ, ಆ ವಿಳಾಸಕ್ಕೆ ಬರೋ ಪಾಸ್‌ವರ್ಡ್ ರಿಸೆಟ್ ಮೇಲ್‌ಗಳೂ ಅವರಿಗೇ ಹೋಗೋ ಹಾಗೆ ಮಾಡ್ಕೋಬಹುದು. ನಿಜವಾದ ಭಯ ಇದು.

ಡೊಮೇನ್ ಟ್ರಾನ್ಸ್‌ಫರ್ ಅಂದ್ರೆ ಮೊಬೈಲ್ ನಂಬರ್ ಪೋರ್ಟ್ ಮಾಡಿದ ಹಾಗೆ. ನಂಬರ್ ಅದೇ ಇರುತ್ತೆ, ಕಂಪನಿ ಬದಲಾಗುತ್ತೆ. 1900ಕ್ಕೆ ಮೆಸೇಜ್ ಹಾಕಿದ್ರೆ ಒಂದು ಯುಪಿಸಿ ಕೋಡ್ ಬರುತ್ತಲ್ಲ, ಇಲ್ಲಿ ಅದಕ್ಕೆ ಆಥ್ ಕೋಡ್ ಅಂತಾರೆ. ಕೆಲವು ಕಡೆ ಇಪಿಪಿ ಕೋಡ್ ಅಂತ ಬರೆದಿರುತ್ತೆ, ಎರಡೂ ಒಂದೇ. ಸಿಮ್ ಬೇರೆಯವರ ಹೆಸರಲ್ಲಿದ್ರೆ ಪೋರ್ಟ್ ಮಾಡೋಕೆ ಹೋದಾಗ ಸಿಕ್ಕಿಹಾಕಿಕೊಳ್ತೀರಿ. ಡೊಮೇನ್ ಕಥೆನೂ ಅಷ್ಟೇ. ಬೆಂಗಳೂರಲ್ಲಿ ಮೂವತ್ತು ನಲವತ್ತರ ಸೈಟು ತಗೊಳ್ಳೋವಾಗ ಖಾತಾ ಯಾರ ಹೆಸರಲ್ಲಿದೆ ಅಂತ ಹತ್ತು ಸಲ ನೋಡ್ತೀವಿ. ವೆಬ್‌ಸೈಟು ತಗೊಳ್ಳೋವಾಗ ಮಾತ್ರ ಒಬ್ಬರೂ ಕೇಳಲ್ಲ.

ಹಾಗಾಗಿ ಮೊದಲು ಆ ಹೆಸರು ಹುಡುಕಿ. ಐಕ್ಯಾನ್ ಅನ್ನೋ ಸಂಸ್ಥೆ ಡಾಟ್ ಕಾಮ್ ಥರದ ಹೆಸರುಗಳ ನಿಯಮ ಮಾಡುತ್ತೆ. ಅದರ ಲುಕಪ್ ಪುಟದಲ್ಲಿ ನಿಮ್ಮ ಡೊಮೇನ್ ಟೈಪ್ ಮಾಡಿದ್ರೆ ರಿಜಿಸ್ಟ್ರಾರ್ ಯಾರು, ಅವಧಿ ಯಾವತ್ತು ಮುಗಿಯುತ್ತೆ, ಲಾಕ್ ಇದೆಯಾ ಅನ್ನೋದು ಫ್ರೀಯಾಗಿ ಸಿಗುತ್ತೆ. ಮಾಲೀಕರ ಹೆಸರು, ಇಮೇಲ್ 2018ರಿಂದ ಸಾಮಾನ್ಯವಾಗಿ ಮುಚ್ಚಿರುತ್ತೆ, ಅದಕ್ಕೆ ಗಾಬರಿ ಬೇಡ. ರಿಜಿಸ್ಟ್ರಾರ್ ಸಪೋರ್ಟ್‌ಗೆ ಬರೆದು ಕೇಳಿ. ನಿಮ್ಮ ಹಳೇ ಇನ್‌ಬಾಕ್ಸ್‌ಗಳಲ್ಲೂ ಡೊಮೇನ್ ಹೆಸರು ಹಾಕಿ ಸರ್ಚ್ ಮಾಡಿ. ಮಾಲೀಕರ ವಿವರ ಸರಿ ಇದೆಯಾ ನೋಡಿಕೊಳ್ಳಿ ಅಂತ ರಿಜಿಸ್ಟ್ರಾರ್ ವರ್ಷಕ್ಕೊಂದು ಮೇಲ್ ಕಳಿಸಬೇಕು ಅನ್ನೋ ನಿಯಮ ಇದೆ. ಅದು ಯಾವ ವಿಳಾಸಕ್ಕೆ ಬರ್ತಿದೆಯೋ ಸಾಮಾನ್ಯವಾಗಿ ಅವರೇ ದಾಖಲೆಯಲ್ಲಿರೋ ಮಾಲೀಕರು. ನಮ್ಮ ಕೇಳುಗರಿಗೆ ಇದು ಸಿಕ್ಕಿದ್ದು ಅಪ್ಪನ ಹಳೇ ಜಿಮೇಲ್‌ನ ಸ್ಪ್ಯಾಮ್ ಫೋಲ್ಡರ್‌ನಲ್ಲಿ. ಅಂದ್ರೆ ಅರ್ಧ ಗೆದ್ದಂಗೆ.

ಯಾಕಂದ್ರೆ, ಡೆವಲಪರ್ ಬೇರೆ, ರಿಜಿಸ್ಟ್ರಾರ್ ಬೇರೆ. ಡೆವಲಪರ್ ಹೆಚ್ಚು ಅಂದ್ರೆ ರೀಸೆಲ್ಲರ್. ಮಾಲೀಕರಾಗಿ ನೀವು ಕೇಳಿದ ಐದು ದಿನದೊಳಗೆ ರಿಜಿಸ್ಟ್ರಾರ್ ಆಥ್ ಕೋಡ್ ಕೊಡಬೇಕು, ಇಲ್ಲಾಂದ್ರೆ ನೀವೇ ತಗೊಳ್ಳೋ ದಾರಿ ಇರಬೇಕು. ಲಾಕ್ ತೆಗೆಯೋದಕ್ಕೂ ಅಷ್ಟೇ ಗಡುವು. ಟ್ರಾನ್ಸ್‌ಫರ್ ತಡೆಯೋಕೆ ಅವರಿಗೆ ಇರೋ ಕಾರಣಗಳು ಕೆಲವೇ: ಮೋಸದ ಅನುಮಾನ, ಮಾಲೀಕರು ಯಾರು ಅನ್ನೋದರ ಬಗ್ಗೆಯೇ ತಕರಾರು, ಡೊಮೇನಿನ ಶುಲ್ಕವೇ ಬಾಕಿ ಇರೋದು, ಈ ಥರದ್ದು. ವೆಬ್‌ಸೈಟ್ ಡಿಸೈನ್ ದುಡ್ಡು ಬಾಕಿ ಇದೆ ಅನ್ನೋದು ಆ ಪಟ್ಟಿಯಲ್ಲಿ ಇಲ್ಲ. ಬಾಕಿ ನಿಜವಾಗ್ಲೂ ಇದ್ರೆ ಕೊಡಿ, ಅದು ಬೇರೆ ಲೆಕ್ಕ. ಇಲ್ಲದೇ ಇರೋದಕ್ಕೆ 15 ಸಾವಿರ ಯಾಕೆ? ರಿಜಿಸ್ಟ್ರಾರ್ ಸುಮ್ಮನಿದ್ರೆ ಡಾಟ್ ಕಾಮ್‌ಗೆ ಐಕ್ಯಾನ್‌ನಲ್ಲಿ ಆನ್‌ಲೈನ್ ದೂರು ಕೊಡಬಹುದು. ಡಾಟ್ ಇನ್ ಆದ್ರೆ ನಮ್ಮ ದೇಶದ ನಿಕ್ಸಿ ಸಂಸ್ಥೆ ನೋಡಿಕೊಳ್ಳುತ್ತೆ.

ಕೋಡ್ ಸಿಕ್ಕ ಮೇಲೆ ಕೆಲಸ ಸುಲಭ. ಹೊಸ ಕಂಪನಿಯಲ್ಲಿ ಅಕೌಂಟ್ ತೆರೆದು, ಕೋಡ್ ಹಾಕಿ, ಒಂದು ವರ್ಷದ ಶುಲ್ಕ ಕಟ್ಟಿ. ಡಾಟ್ ಕಾಮ್‌ಗೆ ಆ ವರ್ಷ ಉಳಿದ ಅವಧಿಗೆ ಸೇರುತ್ತೆ, ದುಡ್ಡು ದಂಡ ಆಗಲ್ಲ. ಹಳೇ ಕಂಪನಿಯಿಂದ ಒಂದು ಮೇಲ್ ಬರುತ್ತೆ. ನೀವು ಬೇಡ ಅನ್ನದಿದ್ರೆ ಐದು ದಿನದ ನಂತರ ತಾನಾಗೇ ವರ್ಗ ಆಗುತ್ತೆ. ಹೊಸದಾಗಿ ರಿಜಿಸ್ಟರ್ ಆಗಿ ಅಥವಾ ಹಿಂದಿನ ಸಲ ಟ್ರಾನ್ಸ್‌ಫರ್ ಆಗಿ 60 ದಿನ ಆಗಿರದಿದ್ರೆ ಮಾತ್ರ ಕಾಯಬೇಕಾಗುತ್ತೆ. ಮಾಲೀಕರ ಹೆಸರು ತಿದ್ದಿದ್ರೂ 60 ದಿನದ ಲಾಕ್ ಬೀಳಬಹುದು, ಅದಕ್ಕೆ ಸಣ್ಣಪುಟ್ಟ ತಿದ್ದುಪಡಿ ಇದ್ರೆ ಟ್ರಾನ್ಸ್‌ಫರ್ ಮುಗಿಸಿಕೊಂಡು ಮಾಡಿ. ಕೋಡ್ ಅನ್ನೋದು ಬೀಗದ ಕೈ ಇದ್ದ ಹಾಗೆ, ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ.

ತುಂಬಾ ಜನ ಎಡವೋದು ಡಿಎನ್‌ಎಸ್ ವಿಷಯದಲ್ಲಿ. ವೆಬ್‌ಸೈಟ್ ಎಲ್ಲಿದೆ, ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳೋ ಸೆಟ್ಟಿಂಗ್ ಅದು. ಡೊಮೇನ್ ಹೊಸ ಕಡೆ ಬಂದ್ರೂ ಆ ಸೆಟ್ಟಿಂಗ್ ಹಳೇ ಕಂಪನಿಯ ಸರ್ವರ್‌ನಲ್ಲೇ ಇರಬಹುದು. ನೀವು ಹೋದ ಮೇಲೆ ಅವರು ಅದನ್ನ ನಿಲ್ಲಿಸಿದ್ರೆ ಒಂದು ದಿನ ಇದ್ದಕ್ಕಿದ್ದ ಹಾಗೆ ಮೇಲ್ ಬರೋದು ನಿಲ್ಲುತ್ತೆ. ಟ್ರಾನ್ಸ್‌ಫರ್ ಶುರು ಮಾಡೋಕೆ ಮುಂಚೆಯೇ ಎಲ್ಲಾ ರೆಕಾರ್ಡ್‌ಗಳ, ಅದರಲ್ಲೂ ಮೇಲ್‌ಗೆ ಸಂಬಂಧಪಟ್ಟ ಎಂಎಕ್ಸ್ ರೆಕಾರ್ಡ್‌ಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಇನ್ನು ದಾಖಲೆಯಲ್ಲಿ ಡೆವಲಪರ್ ಹೆಸರೇ ಇದ್ರೆ? ಆಗ ಕಷ್ಟ, ಸುಳ್ಳು ಹೇಳಲ್ಲ. ರಿಜಿಸ್ಟ್ರಾರ್ ಕಣ್ಣಲ್ಲಿ ಅವರೇ ಮಾಲೀಕರು, ನಿಮ್ಮಿಬ್ಬರ ಜಗಳಕ್ಕೆ ಐಕ್ಯಾನ್ ತೀರ್ಪು ಕೊಡಲ್ಲ. ಬಿಲ್, ಯುಪಿಐ ಹಿಸ್ಟರಿ, "ನಮಗೊಂದು ಡೊಮೇನ್ ತಗೊಂಡು ಕೊಡಿ" ಅಂದಿದ್ದ ವಾಟ್ಸಾಪ್ ಚಾಟ್ ಎಲ್ಲಾ ಜೋಡಿಸಿಕೊಂಡು ಮಾತಾಡಬೇಕು, ಇಲ್ಲ ಕೋರ್ಟಿಗೆ ಹೋಗಬೇಕು. ಡೊಮೇನ್ ಹೆಸರಿಗೆ ಕೋರ್ಟ್ ಬೆಲೆ ಕೊಡುತ್ತಾ ಅಂದ್ರೆ, ಕೊಡುತ್ತೆ. ಸತ್ಯಂ ಇನ್ಫೋವೇಯವರ "ಸಿಫಿ" ಹೆಸರನ್ನೇ ಹೋಲುವ "ಸಿಫ್ಫಿನೆಟ್" ಅಂತ ಇನ್ನೊಂದು ಕಂಪನಿ ಡೊಮೇನ್ ತಗೊಂಡಾಗ ಕೇಸ್ ಶುರುವಾಗಿದ್ದು ನಮ್ಮ ಬೆಂಗಳೂರು ಸಿಟಿ ಸಿವಿಲ್ ಕೋರ್ಟಲ್ಲೇ. ಅಲ್ಲಿ ತಡೆಯಾಜ್ಞೆ ಸಿಕ್ತು, ಹೈಕೋರ್ಟ್ ಅದನ್ನ ತೆಗೀತು, 2004ರ ಮೇ 6ರಂದು ಸುಪ್ರೀಂ ಕೋರ್ಟ್ ಸತ್ಯಂ ಪರ ತೀರ್ಪು ಕೊಟ್ಟು, ಡೊಮೇನ್ ಅಂದ್ರೆ ಬರೀ ವಿಳಾಸ ಅಲ್ಲ, ವ್ಯಾಪಾರದ ಹೆಸರಿಗಿರೋ ರಕ್ಷಣೆ ಇದಕ್ಕೂ ಇದೆ ಅಂತು. ಆದ್ರೆ ಅದು ದೊಡ್ಡ ಕಂಪನಿ, ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು. ವಿಜಯನಗರದ ಒಂದು ಕೋಚಿಂಗ್ ಸೆಂಟರ್ ಅಷ್ಟು ದೂರ ಓಡಾಡೋಕಾಗಲ್ಲ. ಹೆಸರೇ ಅವರದ್ದಾಗಿದ್ರೆ, ಕಾಮರ್ಸ್ ಓದಿದವನಾಗಿ ನಾನು ಹೇಳೋದು: ವಕೀಲರ ಫೀಸಿಗಿಂತ ಕಮ್ಮಿ ಮೊತ್ತಕ್ಕೆ ಬರವಣಿಗೆಯಲ್ಲಿ ರಾಜಿ ಮಾಡ್ಕೊಳ್ಳಿ.

ರಿಜಿಸ್ಟ್ರಾರ್ ಕಂಪನಿಯೇ ಮುಳುಗಿದ್ರೆ ಅನ್ನೋದು ಇನ್ನೊಂದು ಪ್ರಶ್ನೆ. ಭಾರತದಲ್ಲೇ ಆಗಿದೆ. ನೆಟ್ ಫೋರ್ ಇಂಡಿಯಾ 2019ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯ್ತು. ಗ್ರಾಹಕರಿಗೆ ರಿನ್ಯೂ ಮಾಡೋಕೂ ಆಗ್ತಿಲ್ಲ, ಟ್ರಾನ್ಸ್‌ಫರ್ ಮಾಡೋಕೂ ಆಗ್ತಿಲ್ಲ ಅಂತ ದೂರುಗಳು ಬಂದವು. 2021ರಲ್ಲಿ ಐಕ್ಯಾನ್ ಅದರ ಮಾನ್ಯತೆ ರದ್ದು ಮಾಡಿ, ಅಲ್ಲಿದ್ದ ಡೊಮೇನ್‌ಗಳನ್ನ ಇನ್ನೊಂದು ರಿಜಿಸ್ಟ್ರಾರ್‌ಗೆ ಒಟ್ಟಿಗೇ ವರ್ಗ ಮಾಡ್ತು. ಇಂಥ ಹೊತ್ತಲ್ಲೂ ಹೊಸ ಕಂಪನಿ ನಿಮ್ಮನ್ನ ಹುಡುಕೋದು ದಾಖಲೆಯಲ್ಲಿರೋ ಇಮೇಲ್ ಮೂಲಕವೇ. ಅದಕ್ಕೇ ಆ ಇಮೇಲ್ ನಿಮ್ಮದೇ ಆಗಿರಬೇಕು, ಮತ್ತೆ ಅದೇ ಡೊಮೇನ್ ಮೇಲಿನ ಇಮೇಲ್ ಆಗಿರಬಾರದು. ಡೊಮೇನ್ ನಿಂತ ದಿನ ಅದೂ ನಿಲ್ಲುತ್ತೆ.