ವಿಆರ್ ಕನ್ನಡಕ ತೆಗೆದ ಮೇಲೆ ಉಳಿದ ಪಾಠ

ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನಾವು ಕೆಲವು ಕನ್ನಡ ಕುಟುಂಬಗಳು ಮಕ್ಕಳಿಗೆ ಕನ್ನಡ ಕಲಿಸಲು ಭಾನುವಾರ ಸೇರುತ್ತೇವೆ. ಈಚೆಗೆ ಅಲ್ಲಿ ಕಾಗುಣಿತಕ್ಕಿಂತ ಹೆಚ್ಚು ಚರ್ಚೆಯಾದದ್ದು ಅಲ್ಗಾರಿದಮ್!

ಇಲ್ಲಿನ ಶಾಲೆಗಳಲ್ಲಿ 2014ರಿಂದ 5ರ ವಯಸ್ಸಿಗೇ ಕಂಪ್ಯೂಟಿಂಗ್ ಪಾಠ ಶುರು. ಹದಿಹರೆಯಕ್ಕೆ ಬರುವಷ್ಟರಲ್ಲಿ ಸಾರ್ಟಿಂಗ್, ಬೈನರಿ ಸರ್ಚ್. ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ; ‘ಹಾಗೆಂದರೇನು?’ ಎಂದರೆ ಮೌನ. ‘ವಿಆರ್ ಹೆಡ್‌ಸೆಟ್ ಕೊಳ್ಳೋಣ’ ಎಂದರು ಸಾಫ್ಟ್‌ವೇರ್ ಗೆಳೆಯರು. ಗುಂಪಿನ ಲೆಕ್ಕಪತ್ರ ನೋಡುವ ನಮಗೆ ಮೊದಲು ಕಂಡದ್ದು ಖರ್ಚು. ಎರವಲು ತಂದು ನೋಡೋಣ ಎಂದೆವು.

ಎರಡು ಹೆಡ್‌ಸೆಟ್ ಬಂದವು. ಗೆಳೆಯರೇ ಸಿದ್ಧಪಡಿಸಿದ ಪುಟ್ಟ ಪ್ರೋಗ್ರಾಂ. ಕಣ್ಣೆದುರು ಏರಿಕೆ ಕ್ರಮದಲ್ಲಿ 1000 ಪೆಟ್ಟಿಗೆಗಳು. ಒಂದೊಂದೇ ತೆರೆಯುತ್ತ ಹೋದರೆ 1000ದವರೆಗೂ ನಡೆಯಬೇಕಾದೀತು. ನಡುವಿನದನ್ನು ತೆರೆದು, ಬೇಡವಾದ ಅರ್ಧವನ್ನು ಬಿಡುತ್ತ ಹೋದರೆ ಹೆಚ್ಚೆಂದರೆ 10 ಸಾಕು. ಬಿಟ್ಟ ಅರ್ಧ ಕತ್ತಲಾದಾಗ ಮಕ್ಕಳು ಹೋ ಎಂದರು. ನಾವೂ ಬೆರಗಾದೆವು.

ಆದರೆ ಒಬ್ಬ ಹುಡುಗನಿಗೆ ಕೆಲವೇ ನಿಮಿಷದಲ್ಲಿ ತಲೆಸುತ್ತು. ಕಣ್ಣು ‘ನಡೆಯುತ್ತಿದ್ದೇನೆ’ ಎನ್ನುತ್ತದೆ, ಒಳಕಿವಿ ‘ಕೂತಿದ್ದೇನೆ’ ಎನ್ನುತ್ತದೆ, ಅದರ ಫಲ. ಮಿಕ್ಕ ಹನ್ನೆರಡು ಮಕ್ಕಳು ಸರದಿಗೆ ಕಾಯುತ್ತಿದ್ದರು. ಅವರಿಗೆಂದು ನೆಲದ ಮೇಲೆ ಅಂಕಿ ಬರೆದ ಚೀಟಿಗಳನ್ನು ಬೋರಲು ಹಾಕಿ ಅದೇ ಆಟ ಆಡಿಸಿದೆವು. ಕಂಪ್ಯೂಟರ್ ಇಲ್ಲದೆಯೇ ಕಂಪ್ಯೂಟರ್ ವಿಜ್ಞಾನ ಕಲಿಸುವ ಈ ದಾರಿಯನ್ನು ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಸಂಗಡಿಗರು 1990ರ ದಶಕದಲ್ಲೇ ತೋರಿಸಿಕೊಟ್ಟಿದ್ದಾರೆ.

ಮುಂದಿನ ವಾರ ಪರೀಕ್ಷೆ: ಊರಿನ ಅಜ್ಜಿಗೆ ವಿಡಿಯೊ ಕರೆಯಲ್ಲಿ ಕನ್ನಡದಲ್ಲೇ ವಿವರಿಸಬೇಕು. ಹೆಡ್‌ಸೆಟ್ ತೊಟ್ಟಿದ್ದ ಒಬ್ಬ ‘ಸೂಪರ್ ಆಗಿತ್ತಜ್ಜಿ’ ಎಂದು ನಿಂತುಬಿಟ್ಟ. ಸರದಿಯೇ ಸಿಗದೆ ಚೀಟಿ ಆಡಿದ್ದ ಹುಡುಗಿ ತಡವರಿಸುತ್ತಲೇ ಪೂರ್ತಿ ಹೇಳಿದಳು. ಅಜ್ಜಿ ಕೇಳಿದರು: ‘ಪೆಟ್ಟಿಗೆ ಅಡ್ಡಾದಿಡ್ಡಿ ಇದ್ರೆ ಏನ್ ಮಾಡ್ತೀಯಾ ಪುಟ್ಟಿ?’

‘ಮೊದ್ಲು ಜೋಡಿಸ್ಬೇಕಜ್ಜಿ. ಇಲ್ಲಾಂದ್ರೆ ಅರ್ಧ ಬಿಡೋಕಾಗಲ್ಲ.’

ನಮಗೆ ಬೇಕಿದ್ದ ಉತ್ತರ ಸಿಕ್ಕಿತು. ಹೆಡ್‌ಸೆಟ್ ವ್ಯರ್ಥ ಎನ್ನಲಾರೆವು. ಆಸೆ ಹುಟ್ಟಿಸಿದ್ದು ಅದೇ. ಆದರೆ ಅರ್ಥವಾದದ್ದು ಕೈಯಾರೆ ಮಾಡಿ, ಬಾಯಾರೆ ಹೇಳಿದಾಗ. ಹಾಗಾಗಿ ಕೊಳ್ಳಲಿಲ್ಲ, ವರ್ಷಕ್ಕೆರಡು ಬಾರಿ ಎರವಲು ತರುತ್ತೇವೆ. ಉಳಿದ ಹಣದಲ್ಲಿ ಕನ್ನಡ ಪುಸ್ತಕ ತರಿಸಿದ್ದೇವೆ. ಅವನ್ನು ಅಕಾರಾದಿಯಾಗಿ ಜೋಡಿಸುವ ಕೆಲಸ ಮಕ್ಕಳದ್ದೇ.