ಲೆಕ್ಕಪತ್ರ ‘ಮೋಡ’ ಏರುವ ಮುನ್ನ

ಮೋಡ ಕವಿಯಿತೆಂದರೆ ಬೆಳೆಗಾರರಾದ ನಮಗೆ ಕೊಳೆ ಔಷಧಿ ಹೊಡೆದಾಗಿದೆಯೇ ಎಂಬ ಚಿಂತೆ. ಕಂಪ್ಯೂಟರಿನವರ ‘ಕ್ಲೌಡ್’ ಬೇರೆ. ಹೆಸರು ಮೋಡವಾದರೂ ಅದು ಇರುವುದು ನೆಲದ ಮೇಲೆಯೇ. ಯಾರದೋ ದೊಡ್ಡ ಕಟ್ಟಡದಲ್ಲಿ ಸಾಲಾಗಿ ಜೋಡಿಸಿಟ್ಟ ಸಾವಿರಾರು ಕಂಪ್ಯೂಟರುಗಳು. ಅಡಿಕೆ ಸುಲಿಯುವ ಯಂತ್ರವನ್ನು ಕೊಳ್ಳದೆ, ಬಾಡಿಗೆಗೆ ತರಿಸಿ ಸುಲಿದಷ್ಟಕ್ಕೆ ಹಣ ಕೊಡುವುದಿಲ್ಲವೇ? ಕಂಪನಿಗಳೂ ಹಾಗೆಯೇ ಬಳಸಿದಷ್ಟಕ್ಕೆ ಬಾಡಿಗೆ ತೆರುತ್ತವೆ. ಅಮೆಜಾನ್ ಕಂಪನಿಯು 2006ರಲ್ಲಿ ಇಂಥ ಸೇವೆಯನ್ನು ಆರಂಭಿಸಿತು.

ಇದೆಲ್ಲ ನಮಗೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕಾಗಿ 2,516 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2022ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಅದರ ತಂತ್ರಾಂಶವೂ ಕ್ಲೌಡ್ ಆಧಾರಿತವೇ. ಸಾಲದ ಖಾತೆ, ಷೇರು ಲೆಜರು ಆ ದಾರಿ ಹಿಡಿಯುವ ಕಾಲದಲ್ಲಿ, ಮೊದಲೇ ಹೋದವರ ಅನುಭವ ತಿಳಿದಿರಬೇಕು.

ಅಮೆರಿಕದ ನೆಟ್‌ಫ್ಲಿಕ್ಸ್ ಕಂಪನಿಯನ್ನೇ ನೋಡಿ. ಆಗ ಅದರ ಮುಖ್ಯ ವ್ಯಾಪಾರ ಸಿನಿಮಾ ಡಿವಿಡಿಗಳನ್ನು ಅಂಚೆಯಲ್ಲಿ ಬಾಡಿಗೆಗೆ ಕಳಿಸುವುದು. 2008ರ ಆಗಸ್ಟ್‌ನಲ್ಲಿ ಅದರ ದತ್ತಾಂಶ ಕೆಟ್ಟು, ಮೂರು ದಿನ ಒಂದು ಡಿವಿಡಿಯನ್ನೂ ಕಳಿಸಲಾಗಲಿಲ್ಲ. ಅಲ್ಲಿಂದ ಅವರು ಅಮೆಜಾನಿನ ಕ್ಲೌಡ್‌ಗೆ ಹೊರಟರು. ಹೋಗಿ ಮುಗಿದದ್ದು 2016ರ ಜನವರಿಯಲ್ಲಿ, ಏಳು ವರ್ಷ! ಇದ್ದುದನ್ನು ಇದ್ದ ಹಾಗೆಯೇ ಎತ್ತಿ ಸಾಗಿಸುವುದು ಅವರಿಗೆ ಸುಲಭವಿತ್ತು. ಆದರೆ ಅದು ಗೆದ್ದಲು ಹಿಡಿದ ಪೆಟ್ಟಿಗೆಯನ್ನು ಹೊಸ ಮನೆಗೆ ಹೊತ್ತಂತೆ. ಹಳೆಯ ದೋಷವೂ ಜೊತೆಗೇ ಬರುತ್ತದೆ. ಹಾಗೆಂದು ಬಹುತೇಕ ಎಲ್ಲ ತಂತ್ರಾಂಶವನ್ನು ಹೊಸದಾಗಿ ಬರೆದರು. ಹಣಕಾಸಿನ ಬಿಲ್ಲಿನ ವಿಭಾಗವನ್ನು ಮಾತ್ರ ಕೊನೆಗೆ ಸಾಗಿಸಿದರು. ಜಾಣತನವೆಂದೇ ನನ್ನ ಅಭಿಪ್ರಾಯ.

ಬಾಡಿಗೆ ಎಲ್ಲರಿಗೂ ಅಗ್ಗವೆಂದೂ ಅಲ್ಲ. ಡ್ರಾಪ್‌ಬಾಕ್ಸ್ ಕಂಪನಿಯು ಅಮೆಜಾನಿನಲ್ಲಿಟ್ಟಿದ್ದ ಗ್ರಾಹಕರ ಕಡತಗಳಲ್ಲಿ ಬಹುಪಾಲನ್ನು ಸ್ವಂತ ಯಂತ್ರಗಳಿಗೆ ತಂದುಕೊಂಡು, ಎರಡು ವರ್ಷಗಳಲ್ಲಿ ಸುಮಾರು 7.5 ಕೋಟಿ ಡಾಲರ್ ಉಳಿಸಿತು. ಅದರ ವ್ಯವಹಾರ ಅಷ್ಟು ದೊಡ್ಡದು. ಸಣ್ಣ ಸಂಘಕ್ಕೆ ಈ ಲೆಕ್ಕ ಹೊಂದದು.

ಸಣ್ಣವರಿಗೆ ಹೆಚ್ಚು ಸಂಬಂಧಿಸಿದ್ದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಪ್ರಕರಣ. 2021ರ ಮಾರ್ಚ್ 10ರಂದು ಒವಿಎಚ್ ಕಂಪನಿಯ ಒಂದು ಕಟ್ಟಡ ಪೂರ್ತಿ ಸುಟ್ಟುಹೋಯಿತು. ಬೇರೆ ಊರಿನಲ್ಲಿ ಪ್ರತಿ ಇಟ್ಟಿದ್ದವರು ಚೇತರಿಸಿಕೊಂಡರು. ಇಡದವರ ಲೆಕ್ಕ ಬೂದಿಯಾಯಿತು. ಬಾಡಿಗೆ ಕೊಟ್ಟ ಮಾತ್ರಕ್ಕೆ ಪ್ರತಿ ತಾನಾಗಿ ಸಿದ್ಧವಾಗುವುದಿಲ್ಲ. ಅದನ್ನು ಕೇಳಿ, ಕರಾರಿನಲ್ಲಿ ಬರೆಸಬೇಕು.

ತಮ್ಮ ಸಂಘದ ಮಹಾಸಭೆಯಲ್ಲಿ ಇಂಥ ಕರಾರು ಮಂಡನೆಯಾದಾಗ ಸದಸ್ಯರು ಎದ್ದು ನಿಂತು ಕೇಳಲಿ: ಎರಡನೆಯ ಪ್ರತಿ ಯಾವ ಊರಿನಲ್ಲಿದೆ? ಅದರಿಂದ ಲೆಜರನ್ನು ಮತ್ತೆ ತೆಗೆದು ಪರೀಕ್ಷಿಸಿದ್ದು ಯಾವಾಗ? ನಾಳೆ ಬೇರೆಯವರಲ್ಲಿಗೆ ಹೋಗುವುದಾದರೆ ನಮ್ಮ ಲೆಕ್ಕ ಎಷ್ಟು ದಿನದಲ್ಲಿ, ಎಷ್ಟು ಖರ್ಚಿನಲ್ಲಿ ಕೈಗೆ ಬರುತ್ತದೆ?