ಏಕವರ್ಣ ಮುದ್ರಣದಲ್ಲಿ ಮಸಿಯ ವಕ್ರರೇಖೆ

ಬೆಳ್ಳಿಯ ಲವಣಗಳಿಂದ ಛಾಯಾಚಿತ್ರಗಳನ್ನು ಅಚ್ಚಿಳಿಸುತ್ತಿದ್ದ ಕಾಲದಲ್ಲಿ ಕಪ್ಪಿಗೆ ಬಣ್ಣದ ಛಾಯೆ ಕೊಡುವುದು ರಸಾಯನದ ಕೆಲಸವಾಗಿತ್ತು. ಗಂಧಕವು ಚಿತ್ರವನ್ನು ಕಂದಾಗಿಸುತ್ತಿದ್ದಿತು. ಇಂಕ್‌ಜೆಟ್ ಯಂತ್ರದಲ್ಲಿ ಆ ಕಾರ್ಯವು ಗಣಿತದ ಪಾಲಿಗೆ ಬಂದಿದೆ. ಬಿಳುಪಿನಿಂದ ಕಪ್ಪಿನವರೆಗಿನ ಒಂದೊಂದು ಮೆಟ್ಟಿಲಿಗೂ ಯಾವ ಮಸಿ ಎಷ್ಟು ಬೀಳಬೇಕೆಂಬುದನ್ನು ಗೊತ್ತುಮಾಡುವ ರೇಖೆಯೇ ಮಸಿಯ ವಕ್ರರೇಖೆ. ರಾಯ್ ಹ್ಯಾರಿಂಗ್ಟನ್ ರಚಿಸಿದ ‘ಕ್ವಾಡ್‌ಟೋನ್ ರಿಪ್’ ಎಂಬ ತಂತ್ರಾಂಶದಲ್ಲಿ ಇದನ್ನು ಮುದ್ರಕನು ತಾನೇ ರಚಿಸಿಕೊಳ್ಳಬಹುದು.

ಇದರ ಅಗತ್ಯವೇನು? ವರ್ಣಮಸಿಗಳನ್ನು ಹೇರಳವಾಗಿ ಬೆರೆಸಿ ಹುಟ್ಟಿಸಿದ ಬೂದುಬಣ್ಣವು ಹಗಲಿನಲ್ಲಿ ಒಂದು ಬಗೆಯಾಗಿಯೂ ದೀಪದ ಬೆಳಕಿನಲ್ಲಿ ಬೇರೊಂದು ಬಗೆಯಾಗಿಯೂ ತೋರುತ್ತದೆ. ಆ ಮಸಿಗಳು ಸಮವಾಗಿ ಮಾಸದುದರಿಂದ ಕಾಲಕ್ರಮದಲ್ಲಿ ಚಿತ್ರದ ವರ್ಣವೇ ಪಲ್ಲಟವಾಗುತ್ತದೆ. ಇಂಗಾಲದ ಮಸಿಗೆ ಈ ದೋಷಗಳು ಅತ್ಯಲ್ಪ. ಕಂಟದಿಂದ ಕೊರೆದ ಓಲೆಯ ಅಕ್ಷರಗಳಿಗೆ ನಮ್ಮ ಹಿಂದಿನವರು ತೀಡುತ್ತಿದ್ದ ಕಾಡಿಗೆಯೂ ಇಂಗಾಲವೇ. ಕಾಡಿಗೆಗೂ ಬರೆಯುವ ದ್ರವಕ್ಕೂ ಕನ್ನಡದಲ್ಲಿ ಮಸಿ ಎಂಬ ಹೆಸರೇ ಇರುವುದು ಇಲ್ಲಿ ನೆನೆಯತಕ್ಕದ್ದು. ಆದರೆ ಇಂಗಾಲವನ್ನು ತೆಳುವಾಗಿ ಹರಡಿದಾಗ ಅದು ಕಂದಿನ ಕಡೆಗೆ ವಾಲುತ್ತದೆ. ತಣ್ಣನೆಯ ಛಾಯೆ ಬೇಕಾದರೆ ನೀಲಿ ಮತ್ತು ಮೆಜೆಂಟಾ ಮಸಿಗಳನ್ನು ಬೆರೆಸಲೇಬೇಕು. ಬೆರಸಿದಷ್ಟೂ ಬಾಳಿಕೆ ಕುಗ್ಗುವುದು. ಕಷ್ಟವಿರುವುದು ಇಲ್ಲಿಯೇ.

ಮೊದಲು ಕಾಗದವು ತಾಳುವ ಮಸಿಯ ಮಿತಿಯನ್ನು ಅರಿಯಬೇಕು. ಒಂದು ಹಂತವನ್ನು ಮೀರಿದರೆ ಕಪ್ಪು ಹೆಚ್ಚುವುದಿಲ್ಲ, ಮಸಿ ಮಾತ್ರ ಹರಿದು ಕೆಡುತ್ತದೆ. ಅನಂತರ ಶೇಕಡಾ 5ರ ಅಂತರದ 21 ಮೆಟ್ಟಿಲುಗಳ ಪಟ್ಟಿಯನ್ನು ಮುದ್ರಿಸಿ, ಚೆನ್ನಾಗಿ ಒಣಗಿಸಿ, ಒಂದೊಂದರ ಹೊಳಪನ್ನೂ ಮಾಪಕದಿಂದ ಅಳೆಯಬೇಕು. ಕಾಗದದ ಬಿಳುಪು 96, ಕಡುಗಪ್ಪು 16 ಎಂದಿಟ್ಟುಕೊಂಡರೆ ನಡುವಣ ಮೆಟ್ಟಿಲು 56 ಇರತಕ್ಕದ್ದು. ಮಸಿಯು ಕಾಗದದಲ್ಲಿ ಹರಡುವುದರಿಂದ ಅದು 50ಕ್ಕೆ ಇಳಿದಿದ್ದರೆ, ಅಲ್ಲಿ ರೇಖೆಯನ್ನು ತಗ್ಗಿಸಬೇಕು. ಈ ತಿದ್ದುಪಾಟಿಲ್ಲದಿದ್ದರೆ ನೆರಳಿನ ವಿವರಗಳು ಒಂದರಲ್ಲೊಂದು ಮುಳುಗಿಹೋಗುತ್ತವೆ.

ಛಾಯೆಯ ಮಸಿಗೆ ಪ್ರತ್ಯೇಕ ರೇಖೆಯುಂಟು. ಅದನ್ನು ನೆರಳಿನಲ್ಲಿ ಏರಿಸಿ ಬೆಳಕಿನಲ್ಲಿ ಇಳಿಸಿದರೆ, ಕಡುಭಾಗವು ತಂಪಾಗಿಯೂ ತಿಳಿಭಾಗವು ಬೆಚ್ಚಗೂ ಕಾಣುತ್ತದೆ. ವರ್ಣಮಸಿಯ ವೆಚ್ಚವೂ ಮಿತವಾಗುತ್ತದೆ. ಛಾಯೆಯ ಮಸಿಯೂ ತನ್ನ ಪಾಲಿನ ಕಪ್ಪನ್ನು ಕೂಡಿಸುವುದರಿಂದ, ಅದನ್ನು ಸೇರಿಸಿದ ಬಳಿಕ 21 ಮೆಟ್ಟಿಲುಗಳನ್ನೂ ಮತ್ತೆ ಅಳೆಯಬೇಕಾಗುತ್ತದೆ. ಕಾಗದವನ್ನು ಬದಲಿಸಿದಾಗಲಂತೂ ಮಿತಿಯ ಪರೀಕ್ಷೆಯಿಂದಲೇ ಪುನಃ ಆರಂಭಿಸಬೇಕು.